ನಡುಗುವ ಕೈಗೆ ಒಂದು ರಿಮೋಟ್

ಹೋದ ವಾರ ಮೂಡಲಗಿಯಲ್ಲಿ ಮಿಕ್ಸರ್ ರಿಪೇರಿಗೆ ಕೊಡಲು ಹೋಗಿದ್ದೆ. ಅಂಗಡಿಯಾತ ಯಾವುದೋ ತಂತಿಗೆ ಬೆಸುಗೆ ಹಾಕುತ್ತಿದ್ದ. ಕಾದ ತುದಿಗೆ ರಾಳ ತಾಗಿ ಸಣ್ಣಗೆ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬಂದ ಕೆಲಸವನ್ನೇ ಮರೆತು ನಿಂತುಬಿಟ್ಟೆ. "ಏನ್ ಕೆಟ್ಟೈತ್ರಿ ಇದರಾಗ?" ಎಂದು ಅವನು ಎರಡು ಸಲ ಕೇಳಬೇಕಾಯಿತು. ನಾನಾಗಲೇ ಹುಕ್ಕೇರಿಯಲ್ಲಿ, ರೇಡಿಯೋ ಕಾಕಾರ ಅಂಗಡಿಯಲ್ಲಿದ್ದೆ...

ಅವರು ನನ್ನ ಸ್ವಂತ ಕಾಕಾ ಅಲ್ಲ. ಹತ್ತು ವರ್ಷದ ಹಿಂದೆ ನಾನು ಹುಕ್ಕೇರಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಅವರದು ರೇಡಿಯೋ ರಿಪೇರಿ ಅಂಗಡಿ. ಆ ಹೊತ್ತಿಗೆ ರಿಪೇರಿಗೆ ಒಂದು ರೇಡಿಯೋ ಕೂಡ ಬರುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಫ್ಯಾನು, ಇಸ್ತ್ರಿ ಪೆಟ್ಟಿಗೆ, ಮಿಕ್ಸರ್ ಇವೇ ಬರುತ್ತಿದ್ದವು. ಪಾಠಕ್ಕೆ ಬೇಕೆಂದು ಹಳೆಯ ಸ್ಪೀಕರಿನ ಅಯಸ್ಕಾಂತ ಕೇಳಲು ಹೋದವಳು ಛಾವಣಿಯ ಕೆಳಗೆ ತೂಗುತ್ತಿದ್ದ ವಿಮಾನ ನೋಡಿ ನಿಂತೆ. ಥರ್ಮಾಕೋಲಿನದು, ನನ್ನ ಎರಡೂ ತೋಳು ಚಾಚಿದಷ್ಟು ಅಗಲ.

"ಹಾರತೈತೇನ್ರಿ ಇದು?" ಎಂದೆ.

"ಹಾರೂದಿಲ್ಲಂದ್ರ ಯಾಕ ಮಾಡ್ತಿದ್ನಿರಿ ಅಕ್ಕೋರ?" ಎಂದು ಗದರಿದರು. ಆಮೇಲೆ ತಿಳಿಯಿತು, ಅದು ಒಂದು ಸಲವೂ ಹಾರಿರಲಿಲ್ಲ.

ಕಾಕಾ ಮುಂಗೋಪಿ. ಗಿರಾಕಿ ಎದುರಿಗೇ "ಇದನ್ನ ಯಾರ್ ಬಿಚ್ಚಿದ್ದು, ದನಾ ಕಾಯಾವರೇನ್?" ಎಂದುಬಿಡುವವರು. ಆದರೆ ಎರಡು ವರ್ಷದಿಂದ ಅವರ ಕೈ ನಡುಗುತ್ತಿತ್ತು. ಎಡಗೈ ಹೆಚ್ಚು, ಬಲಗೈ ಕಡಿಮೆ. ಮೇಜಿಗೆ ಒಂದು ಮರದ ತುಂಡು ಬಡಿದು, ಅದರ ಮೇಲೆ ಮಣಿಕಟ್ಟು ಊರಿ ಬೆಸುಗೆ ಹಾಕುತ್ತಿದ್ದರು. ಬೆಳಗಾವಿಯ ಡಾಕ್ಟರು ಇದು ಹೋಗುವ ಕಾಯಿಲೆಯಲ್ಲ, ಮಾತ್ರೆಯಿಂದ ಸ್ವಲ್ಪ ತಡೆಯಬಹುದು ಎಂದಿದ್ದರಂತೆ. ಇದನ್ನು ನನಗೆ ಹೇಳಿದವರು ಅವರ ಹೆಂಡತಿ, ಕಾಕು. ಕಾಕಾರ ಮುಂದೆ ಆ ಮಾತೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. ತಾನು ಕೈಯಾರೆ ಮಾಡಿದ ವಿಮಾನವನ್ನು ತಾನೇ ಒಮ್ಮೆ ಹಾರಿಸಬೇಕು, ಇದೊಂದೇ ಅವರ ಹಟವಾಗಿತ್ತು. ಕೈ ಪೂರ್ತಿ ಕೈಕೊಡುವ ಮೊದಲು.

ಅದಕ್ಕೆ ರಿಮೋಟ್ ಬೇಕಿತ್ತು. ಎರಡು ಕಡ್ಡಿಯ ಆ ಡಬ್ಬಿಯನ್ನು ಕೊರಳಿಗೆ ಹಾಕಿಕೊಂಡು ನೆಲದ ಮೇಲೆ ನಿಂತೇ ವಿಮಾನ ಹಾರಿಸಬೇಕು. ಯಾವುದನ್ನು ತರಿಸುವುದು ಎಂಬುದರ ಮೇಲೆ ನಮ್ಮಿಬ್ಬರಿಗೆ ತಿಂಗಳುಗಟ್ಟಲೆ ಜಗಳ. ನಾನು ಟೀಚರು ತಾನೇ, ಹಾಳೆಗೆ ಗೀಟು ಹಾಕಿ ಪಟ್ಟಿ ಮಾಡಿದೆ. ನಾಲ್ಕು ಚಾನೆಲ್ಲಿನ, ಅಂದರೆ ವಿಮಾನದ ನಾಲ್ಕು ಭಾಗ ಆಡಿಸುವ, ಸಾದಾ ರಿಮೋಟ್ ಸಾಕು ಎಂದು ನನ್ನ ವಾದ. ಕಾಕಾರಿಗೆ ಎಲ್ಲಕ್ಕಿಂತ ದೊಡ್ಡದೇ ಬೇಕು, ಮೈತುಂಬ ಗುಂಡಿ ಇರುವುದು.

"ಇಷ್ಟ ಗುಂಡಿ ತಗೊಂಡ್ ಏನ್ ಮಾಡ್ತೀರಿ ಕಾಕಾ?"

"ನೋಡ್ತೇನ್ರಿ! ಟಿವಿ ತಗೊಂಡಾವ್ರು ಎಲ್ಲಾ ಚಾನೆಲ್ ನೋಡ್ತಾರೇನು?"

ಕಾಕು ಒಳಗಿನಿಂದಲೇ, "ಎರಡೂ ಬ್ಯಾಡ, ಒಂದ್ ಗಾಳಿಪಟ ತರ್ರಿ," ಎನ್ನುತ್ತಿದ್ದರು.

ಜಗಳ ಬಗೆಹರಿಸಿದ್ದು ಮಧ್ಯಮ ದರ್ಜೆಯ ಒಂದು ರಿಮೋಟ್. ಆರು ಚಾನೆಲ್, ಸಣ್ಣ ಪರದೆ. ಅದರ ಇಂಗ್ಲಿಷ್ ಪುಸ್ತಿಕೆಯನ್ನು ಮೊಬೈಲಿನಲ್ಲಿ ತೆರೆದು ಕಾಕಾರಿಗೆ ಓದಿ ಹೇಳುತ್ತಿದ್ದೆ. ಎಕ್ಸ್‌ಪೋ ಎಂಬ ಒಂದು ಸೌಲಭ್ಯ ಬಂತು. ಅದನ್ನು ಹೊಂದಿಸಿಟ್ಟರೆ ಕಡ್ಡಿಯ ಸಣ್ಣಪುಟ್ಟ ಅಲುಗಾಟ ವಿಮಾನಕ್ಕೆ ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಜೋರಾಗಿ ತಳ್ಳಿದರೆ ಮಾತ್ರ ಪೂರ್ತಿ ತಿರುಗುತ್ತದೆ. ನಾನದನ್ನು ಎಲ್ಲದರ ಜೊತೆ ಸುಮ್ಮನೆ ಓದಿಕೊಂಡು ಹೋಗುತ್ತಿದ್ದೆ.

"ನಿಂದರ್ರಿ," ಎಂದರು ಕಾಕಾ. "ಅಂದ್ರ ನನ್ನ ಕೈ ನಡುಗಿದ್ರ ಇಮಾನಕ್ಕ ಗೊತ್ತಾಗೂದಿಲ್ಲ ಅನ್ರಿ."

ಅವರ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. "ಗೊತ್ತಾಗೂದಿಲ್ರಿ ಕಾಕಾ," ಎಂದೆ. ಅಲ್ಲಿಗೆ ಗುಂಡಿಗಳ ಮಾತು ನಿಂತಿತು.

ಇನ್ನೊಂದು ವಿಷಯವೂ ಇತ್ತು. ಈ ರಿಮೋಟ್‌ಗಳಲ್ಲಿ ಮೋಡ್ ಒಂದು, ಮೋಡ್ ಎರಡು ಎಂದು ಬಗೆಗಳಿರುತ್ತವೆ. ಒಂದರಲ್ಲಿ ವೇಗದ ಕಡ್ಡಿ ಬಲಕ್ಕೆ, ಎರಡರಲ್ಲಿ ಎಡಕ್ಕೆ. ವೇಗದ ಕಡ್ಡಿ ಇಟ್ಟಲ್ಲೇ ನಿಲ್ಲುವಂಥದ್ದು, ಎಡಗೈ ನಡುಗಿದರೂ ನಡೆಯುತ್ತದೆ. ಮೂತಿ ಏರಿಸುವುದು, ಇಳಿಸುವುದು, ವಾಲಿಸುವುದು ಎಲ್ಲ ಬಲಗೈಗೆ ಬರುತ್ತದೆ. ಹಾಗಾಗಿ ಕಾಕಾರಿಗೆ ಎರಡನೆಯದೇ ಬೇಕಿತ್ತು. ಆರ್ಡರ್ ಮಾಡುವಾಗ ನಾನು ಮಹಾ ಜಾಣೆ ಒತ್ತಿದ್ದು ಒಂದನ್ನು! ವರ್ಷಗಟ್ಟಲೆ ಮಕ್ಕಳಿಗೆ ನಂಬರ್ ಹಂಚಿದ ಬೆರಳು, ಒಂದು ಕಂಡರೆ ಅದರ ಮೇಲೆಯೇ ಹೋಗುತ್ತದೆ. ಪಾರ್ಸೆಲ್ ಬಿಚ್ಚಿದಾಗ ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

"ತಪ್ಪು ನಂದರಿ. ವಾಪಸ್ ಕಳಸೂಣು, ಒಂದ್ ತಿಂಗಳದಾಗ ಬ್ಯಾರೆದು ಬರತೈತಿ," ಎಂದೆ.

ಬೈಯುತ್ತಾರೆಂದುಕೊಂಡಿದ್ದೆ. ಬೈಯಲಿಲ್ಲ. "ತಿಂಗಳ ಅಂದ್ರ ನನ್ನ ಕೈ ಎಲ್ಲಿಗಿ ಬಂದಿರತಾವೋ ಅಕ್ಕೋರ," ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡರು.

ಬಂದ ರಿಮೋಟಿನಲ್ಲಿ ವೇಗದ್ದು ಬಲಗಡೆಯ ಕಡ್ಡಿ, ಹಾಗಾಗಿ ಅದನ್ನು ನಡುವಿಗೆ ಎಳೆಯುವ ಸ್ಪ್ರಿಂಗ್ ಇರಲಿಲ್ಲ. ಎಡಗಡೆಯದನ್ನು ಬಿಚ್ಚಿ ಬಲಕ್ಕೆ ಹಾಕಬೇಕು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ಸ್ಪ್ರಿಂಗ್. ಕಾಕಾ ಮರದ ತುಂಡಿನ ಮೇಲೆ ಕೈ ಊರಿ, ಉಸಿರು ಬಿಗಿಹಿಡಿದು ಕೂತರು. ಒಮ್ಮೆ ಚಿಮಟ ಜಾರಿತು. ಎರಡನೇ ಸಲ ಸ್ಪ್ರಿಂಗ್ ಟಣ್ಣನೆ ಹಾರಿ ಎಲ್ಲೋ ಬಿತ್ತು. ನಾನು, ಕಾಕು ಇಬ್ಬರೂ ನೆಲಕ್ಕೆ ಬಿದ್ದು ಹುಡುಕಿದೆವು. ಮೊಳೆ, ತಂತಿ ಚೂರು, ಯಾವುದೋ ಕಾಲದ ನಟ್ಟು, ಎಲ್ಲ ಸಿಕ್ಕವು, ಅದೊಂದು ಬಿಟ್ಟು. ಕೊನೆಗೆ ಕಾಕು ಸ್ಪೀಕರಿನ ಅಯಸ್ಕಾಂತವನ್ನು ಸೀರೆ ಸೆರಗಿನ ತುದಿಗೆ ಕಟ್ಟಿ ಮೇಜಿನಡಿ ಎಳೆದಾಡಿದರು. ಬಂತು ನೋಡಿ, ಮೂಲೆಯ ಧೂಳಿನ ಸಮೇತ. ಕಾಕಾ ಅದನ್ನು ಕೂರಿಸುವ ಹೊತ್ತಿಗೆ ಸಂಜೆಯಾಗಿತ್ತು. ಅವರ ಅಂಗಿ ಬೆವರಿಗೆ ಬೆನ್ನಿಗಂಟಿತ್ತು.

ಮುಂದೆ ಹದಿನೈದು ದಿನ, ಸಾಲೆ ಬಿಟ್ಟ ಮೇಲೆ, ರಿಮೋಟಿಗೆ ವಾಯರ್ ಹಚ್ಚಿ ನನ್ನ ಕಂಪ್ಯೂಟರಿನ ವಿಮಾನದಾಟದಲ್ಲಿ ಅಭ್ಯಾಸ. ಪರದೆಯ ಮೇಲೆ ಕಾಕಾ ಎಷ್ಟು ವಿಮಾನ ಕೆಡವಿದರೋ ದೇವರೇ ಬಲ್ಲ. ಪ್ರತಿಸಲವೂ ತಪ್ಪು ಕಂಪ್ಯೂಟರಿನದೇ.

ಒಂದು ರವಿವಾರ ಬೆಳಿಗ್ಗೆ ಕಣಗಲಾ ಕಡೆಯ ಬಯಲಿಗೆ ಹೋದೆವು. ಕಬ್ಬು ಕಡಿದ ಹೊಲ, ಗಾಳಿ ಇರಲಿಲ್ಲ. ಕಾಕು ರೊಟ್ಟಿ, ಝುಣಕ ಕಟ್ಟಿಕೊಂಡು ಬಂದಿದ್ದರು. ನಾನು ವಿಮಾನ ಹಿಡಿದು ಓಡಿ ಮೇಲಕ್ಕೆ ತೂರಿದೆ. ತಿರುಗಿ ನೋಡಿದರೆ ಕಾಕಾರ ಎರಡೂ ಕೈ ಕಡ್ಡಿಗಳ ಮೇಲೆ ಗಡಗಡ ನಡುಗುತ್ತಿದ್ದವು. ತಲೆ ಎತ್ತಿದೆ. ವಿಮಾನ ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿತ್ತು. ನಾನು ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಕಾಕಾ ನಾಲ್ಕು ಸುತ್ತು ಹೊಡೆದು, ಹೊಲದಲ್ಲಿ ಇಳಿಸಿ, ಮೂತಿಯ ಪಂಖ ಮುರಿದುಕೊಂಡರು. "ಹೆಂಗಿತ್ತ?" ಎಂದು ಕೇಳಿದ್ದು ನನ್ನನ್ನಲ್ಲ, ಕಾಕುವನ್ನು. ಕಾಕು, "ಗಾಳಿಪಟಕಿಂತ ಬರೋಬರಿ ಐತಿ ಬಿಡ್ರಿ," ಎಂದರು.

ಎರಡು ಚಳಿಗಾಲ ಹಾರಿಸಿದರು. ಮೂರನೆಯದಕ್ಕೆ ಕೈ ಕಡ್ಡಿ ಹಿಡಿಯಲಿಲ್ಲ. ಅಷ್ಟರಲ್ಲಿ ನನಗೆ ಮೂಡಲಗಿಗೆ ವರ್ಗವಾಗಿತ್ತು. ಅವರು ಹೋದ ಸುದ್ದಿ ಬಂದ ದಿನ ಗೋಕಾಕದಲ್ಲಿ ಬಸ್ಸು ತಪ್ಪಿತು, ಮುಟ್ಟುವ ಹೊತ್ತಿಗೆ ಮಣ್ಣು ಮುಗಿದಿತ್ತು. ಮುಖ ನೋಡಲು ಸಿಗಲಿಲ್ಲ. ಆ ಕೊರಗಿಗೋ ಏನೋ, ಆಮೇಲೆ ಕಾಕುಗೆ ಫೋನ್ ಮಾಡುವುದನ್ನೂ ಕಡಿಮೆ ಮಾಡಿದೆ... ಕಡೆಯ ಸಲ ಮಾತಾಡಿ ಒಂದು ವರ್ಷವೇ ಆಗಿತ್ತು.

ಮಿಕ್ಸರ್ ಅಂಗಡಿಯಿಂದ ಬಂದವಳು ಅಂದೇ ಫೋನ್ ಮಾಡಿದೆ. "ಈಗ ನೆನಪಾತೇನ್ರಿ ಅಕ್ಕೋರ? ರವಿವಾರ ಬರ್ರಿ, ನಿಮ್ಮ ಕಡೆ ಕೆಲಸ ಐತಿ," ಎಂದರು.

ನಿನ್ನೆ ಹೋಗಿದ್ದೆ. ಕಾಕು ಟ್ರಂಕಿನಿಂದ ಟವೆಲ್ಲಿನಲ್ಲಿ ಸುತ್ತಿಟ್ಟ ರಿಮೋಟ್ ತೆಗೆದು ನನ್ನ ಮುಂದಿಟ್ಟರು. ಕಾಕಾ ಕಡೆಯದಾಗಿ ಮಾಡಿದ ವಿಮಾನವನ್ನೂ ಇಳಿಸಿಟ್ಟಿದ್ದರು.

"ಇದನ್ನ ನನಗ ಕಲಸ್ರಿ," ಎಂದರು. "ಅವ್ರು ಇದ್ದಾಗ ಒಮ್ಮೆ ನನ್ನ ಕೈಯಾಗ ಕೊಡ್ರಿ ಅನ್ಬೇಕಂತ ಭಾಳ ಸಲ ಅನಸ್ತಿತ್ತು. ಅವ್ರ ಕೈಗೆ ಉಳದದ್ದ ಸ್ವಲ್ಪ ದಿನ, ಅದರಾಗ ನಾ ಎಲ್ಲಿ ಪಾಲ ಕೇಳ್ಲಿ ಅಂತ ಸುಮ್ಮನಾದೆ."

ಎರಡಕ್ಕೂ ಹೊಸ ಸೆಲ್ ಹಾಕಿದೆ. ಪರದೆ ಹೊತ್ತಿತು. ಕಾಕುವಿನ ಕೈ ನಡುಗುವುದಿಲ್ಲ, ಎಕ್ಸ್‌ಪೋ ತೆಗೆಯೋಣವೆಂದು ಹೊರಟೆ.

"ಅವ್ರದು ಅಳಸಬ್ಯಾಡ್ರಿ."

ಅಳಿಸುವುದು ಬೇಕಿರಲಿಲ್ಲ. ಇಂಥ ಮಧ್ಯಮ ರಿಮೋಟಿನಲ್ಲಿ ಹತ್ತು ವಿಮಾನಗಳ ಹೊಂದಾಣಿಕೆ ಬೇರೆ ಬೇರೆ ಇಡಲು ಜಾಗ ಇರುತ್ತದೆ. ಮೊದಲ ಜಾಗದಲ್ಲಿ ಕಾಕಾರದು ಹಾಗೇ ಬಿಟ್ಟು, ಎರಡನೆಯದರಲ್ಲಿ ಎಕ್ಸ್‌ಪೋ ಇಲ್ಲದೆ ಕಾಕುವಿನದು ಮಾಡಿದೆ. ಕಾಕು ಕಡ್ಡಿ ಮುಟ್ಟಿದ್ದೇ ಮೇಜಿನ ಮೇಲಿದ್ದ ವಿಮಾನದ ರೆಕ್ಕೆಯ ಪಟ್ಟಿ ಫಟ್ಟನೆ ಎದ್ದಿತು.

"ಏನ್ ಚುರುಕ ಐತ್ರಿ ಇದು! ಅವ್ರದು ಹೆಂಗಿತ್ತು, ಹಚ್ಚಿ ತೋರಸ್ರಿ."

ಕಾಕಾರ ಹೊಂದಾಣಿಕೆಗೆ ಬದಲಿಸಿದೆ. ಕಡ್ಡಿ ಸ್ವಲ್ಪ ಸರಿಸಿದರು, ಪಟ್ಟಿ ಅಲುಗಲಿಲ್ಲ. ಆಗ ಕಾಕು ತಮ್ಮ ಕೈಯನ್ನು ಕಾಕಾರ ಕೈಯಂತೆ ನಡುಗಿಸಿ ನೋಡಿದರು. ಆಗಲೂ ಪಟ್ಟಿ ನಿಂತಲ್ಲೇ ಇತ್ತು. ಮತ್ತೆ ನಡುಗಿಸಿದರು. ಎಷ್ಟೋ ಹೊತ್ತು ನಡುಗಿಸುತ್ತಲೇ ಇದ್ದರು.

"ಇಷ್ಟ ತ್ರಾಸ ಇತ್ತೇನ್ರಿ ಅವ್ರಿಗಿ," ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡರು. ರಿಮೋಟನ್ನು ನನ್ನತ್ತ ಚಾಚಿದರು.

"ಈಗ ನಂದು ಹಚ್ರಿ."