ಕಾಲುಂಗುರದ ಕಾಲಿಗೊಂದು ಬೂಟು

ಮಧುಗಿರಿಯಲ್ಲಿ ಜಗದಾಂಬ ಎಂದರೆ ಯಾವ ಜಗದಾಂಬ ಎಂದು ಕೇಳುತ್ತಿದ್ದರು. ಲಂಡನ್ ಜಗದಾಂಬ ಎಂದರೆ ಬೆಟ್ಟದ ಬುಡದ ಬೀದಿಯ ತನಕ ಬಂದು ಮನೆ ತೋರಿಸಿ ಹೋಗುತ್ತಿದ್ದರು. ಸುತ್ತಿನ ನಾಲ್ಕು ತಾಲ್ಲೂಕಿನಲ್ಲಿ ಸಮುದ್ರ ದಾಟಿ ಬಂದ ಹೆಂಗಸು ಅವಳೊಬ್ಬಳೇ ಎಂಬುದು ಊರಿನವರ ನಂಬಿಕೆ. ಮದುವೆ ಮನೆಯಲ್ಲಿ ಎಲೆ ಹಾಕುವುದಕ್ಕೆ ಮುಂಚೆ ಯಾರಾದರೂ ಒಬ್ಬರು ಅವಳನ್ನು ಹಿಡಿದು ಕೂರಿಸಿಕೊಂಡು, ಅಲ್ಲಿ ಏನೇನು ನೋಡಿದೆ ಎಂದು ಕೇಳುವರು. ಅವಳು ಹೇಳುತ್ತಿದ್ದುದು ಎರಡೇ ಮಾತು: ದೊಡ್ಡ ಊರು, ಬಲು ಚಳಿ. ಸೀಮೆಗಿಲ್ಲದ ಜಂಬ ಎಂದು ಜನ ಮೂತಿ ತಿರುವಿಕೊಂಡು ಹೋಗುತ್ತಿದ್ದರು. ಜಂಬವೂ ಇಲ್ಲ, ಮಣ್ಣೂ ಇಲ್ಲ. ಮೂರು ತಿಂಗಳು ಇದ್ದು ಅವಳು ನೋಡಿದ್ದು ಒಂದು ಸೇತುವೆಯ ಅರ್ಧ, ಮತ್ತೆ ಕಿಟಕಿಯಿಂದ ಕಾಣುವಷ್ಟು ಬೀದಿ. ಅದಕ್ಕೆ ಕಾರಣ ಒಂದು ಜೊತೆ ಬೂಟು ಎಂದರೆ ಯಾರು ನಂಬುತ್ತಾರೆ?

ಗಂಡ ನಾಗಲಿಂಗಯ್ಯ ಸ್ಕೂಲು ಮೇಷ್ಟ್ರು. ಭೂಗೋಳ ಹೇಳಿಕೊಡುತ್ತಿದ್ದರು. ಸಮುದ್ರವನ್ನು ಒಮ್ಮೆಯೂ ಕಂಡಿರದ ಆ ಮನುಷ್ಯ ಬೆತ್ತದ ತುದಿಯಿಂದ ನಕ್ಷೆಯ ಮೇಲೆ ಸಾಗರಗಳನ್ನೆಲ್ಲ ದಾಟಿಸಿ ಹುಡುಗರನ್ನು ಲಂಡನ್ನಿಗೆ ಮುಟ್ಟಿಸುತ್ತಿದ್ದರು. ಮನೆಗೆ ಬಂದರೆ ಮಾತು ಕಡಿಮೆ. ಗಂಡ ಹೆಂಡತಿ ಬೀದಿಗಿಳಿದರೆ ಅವರು ಮುಂದೆ, ಇವಳು ಹಿಂದೆ, ನಡುವೆ ಒಂದು ಎತ್ತಿನ ಗಾಡಿ ಹಾಯುವಷ್ಟು ಜಾಗ. ಆಗಿನ ಮರ್ಯಾದೆಯೇ ಹಾಗೆ, ಪಕ್ಕಪಕ್ಕ ನಡೆದರೆ ಜಗಲಿಗಳ ಮೇಲಿನ ಹಿರಿಯರು ಕೆಮ್ಮುತ್ತಿದ್ದರು. ಮದುವೆಯಾಗಿ ಹದಿನೇಳು ವರ್ಷ, ಮಕ್ಕಳಿಲ್ಲ. ಆ ಹದಿನೇಳು ವರ್ಷದಲ್ಲಿ ಜಗದಾಂಬ ಗಂಡನ ಮುಖಕ್ಕಿಂತ ಬೆನ್ನನ್ನೇ ಹೆಚ್ಚು ನೋಡಿದ್ದಳು. ಕೋಟಿನ ಕಾಲರಿಗೆ ತಾನೇ ಹಾಕಿದ ಹೊಲಿಗೆ ಎಲ್ಲಿ ಬಿಡುತ್ತಿದೆ ಎಂಬುದು ಅವಳಿಗೆ ದೂರದಿಂದಲೇ ತಿಳಿಯುತ್ತಿತ್ತು.

ಮೂವತ್ತೈದನೆಯ ಇಸವಿಯಲ್ಲಿ ಮೇಷ್ಟ್ರಿಗೆ ಮೈಸೂರು ಸರ್ಕಾರದಿಂದ ಹುಕುಂ ಬಂತು. ಪಾಠ ಹೇಳುವ ಹೊಸ ಕ್ರಮ ಕಲಿತು ಬರಲು ಲಂಡನ್ನಿಗೆ ಹೋಗಬೇಕು, ಬೇಸಗೆಯ ಮೂರು ತಿಂಗಳು. ಊರಿಗೆ ಊರೇ ಬಂದು ಹಾರ ಹಾಕಿ ಹೋಯಿತು. ಎಲ್ಲರೂ ಹೋದ ಮೇಲೆ ಮೇಷ್ಟ್ರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಒಳಗೆ ಬರುವುದೋ ಬೇಡವೋ ಎಂಬಂತೆ ಚೌಕಟ್ಟು ಹಿಡಿದುಕೊಂಡು, ಒಲೆಯ ಕಡೆ ನೋಡುತ್ತ ಹೇಳಿದರು:

"ನೀನೂ ಬಾ. ಅಲ್ಲಿ ನಮ್ಮನ್ನ ಬಲ್ಲೋರು ಯಾರೂ ಇಲ್ಲ. ಪಕ್ಕಪಕ್ಕದಲ್ಲೇ ನಡೀಬೋದು."

ಅಷ್ಟು ಹೇಳುವುದರಲ್ಲಿ ನಲವತ್ತರ ಮೇಷ್ಟ್ರ ಕಿವಿ ಕೆಂಪಾಗಿ ಹೋಗಿತ್ತು. ಜಗದಾಂಬ ರೊಟ್ಟಿ ಸೀದದ್ದನ್ನೂ ಗಮನಿಸಲಿಲ್ಲ. ಒಡವೆ ಕೊಡಿಸುತ್ತೇನೆ ಎಂದಿದ್ದರೂ ಅವಳಿಗೆ ಅಷ್ಟು ಸಂತೋಷವಾಗುತ್ತಿರಲಿಲ್ಲ.

ಆ ಕ್ಷಣದಿಂದ ಮನೆಯಲ್ಲಿ ಕಾಲಿನದೇ ಮಾತು. ಲಂಡನ್ ನಡೆದು ನೋಡುವ ಊರು, ಮೊದಲು ಕಾಲಿಗೆ ಹಿತವಾದದ್ದನ್ನು ನೋಡಿಕೋ ಎಂದು ಮೇಷ್ಟ್ರು ಹೇಳಿದರು. ಸಂಜೆ ಒಂಬತ್ತರವರೆಗೆ ಅಲ್ಲಿ ಬೆಳಕಿರುತ್ತದಂತೆ. ದಿನಕ್ಕೊಂದು ದಾರಿಯಂತೆ ನಕ್ಷೆಯ ಮೇಲೆ ಸೀಸದಕಡ್ಡಿಯಲ್ಲಿ ಗೆರೆ ಎಳೆದಿಟ್ಟುಕೊಂಡರು. ಜಗದಾಂಬಳ ಕಾಲೋ, ಬೂಟನ್ನು ಕನಸಿನಲ್ಲೂ ಕಂಡದ್ದಲ್ಲ. ಚಪ್ಪಲಿ ಒಂದು ಜೊತೆ ಇತ್ತು. ಹಿರಿಯರ ಮನೆ ಮುಂದೆ ಹಾಯುವಾಗ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿಯಬೇಕು. ಅವರ ಬೀದಿಯಲ್ಲಿ ಎಲ್ಲ ಮನೆಯಲ್ಲೂ ಹಿರಿಯರೇ ಇದ್ದುದರಿಂದ ಚಪ್ಪಲಿ ಕಾಲಿನಲ್ಲಿದ್ದದ್ದಕ್ಕಿಂತ ಕೈಯಲ್ಲಿದ್ದದ್ದೇ ಜಾಸ್ತಿ.

ಇನ್ನೊಂದು ತೊಡಕು ಕಾಲುಂಗುರ. ಧಾರೆಯ ದಿನ ತೊಡಿಸಿದ ಮೂರು ಸುತ್ತಿನ ದಪ್ಪ ಬೆಳ್ಳಿ, ಎರಡೂ ಕಾಲಿನ ಎರಡನೆಯ ಬೆರಳಿಗೆ. ಅತ್ತೆ ಬಸವಮ್ಮ ಪಟ್ಟನಾಯಕನಹಳ್ಳಿಯ ಕಡೆಯ ಗಟ್ಟಿ ಹೆಂಗಸು. ಸೊಸೆ ಸಮುದ್ರ ದಾಟಲಿ ಎಂದು ಒಪ್ಪಿದಳು, ಪರದೇಶದ ನೀರು ಕುಡಿಯಲಿ ಎಂದೂ ಒಪ್ಪಿದಳು. ಒಂದೇ ಒಂದು ಕಟ್ಟು ಹಾಕಿದಳು: "ಏನಾರ ಮಾಡ್ಕೊ. ಉಂಗ್ರ ಮಾತ್ರ ತೆಗೀಬ್ಯಾಡ ಕಣಮ್ಮ. ನನ್ ಮಗನ ಆಯಸ್ಸು ಅದು." ಗಂಡ ಸತ್ತ ದಿನ ತೆಗೆಯುವುದನ್ನು ಗಂಡ ಇರುವಾಗ ತೆಗೆಯುವುದುಂಟೆ? ಅತ್ತೆ ಹೇಳದಿದ್ದರೂ ಜಗದಾಂಬ ತೆಗೆಯುತ್ತಿರಲಿಲ್ಲ.

ಮೆಟ್ಟು ಹೊಲಿಯುವ ಗಂಗಹನುಮಯ್ಯನಿಗೆ ಸುದ್ದಿ ಹೇಗೆ ಮುಟ್ಟಿತೋ, ಒಂದು ಬೆಳಗ್ಗೆ ಬಂದು ಜಗಲಿಯಿಂದ ದೂರ ನಿಂತ. ಅಳತೆಗೆ ಕಾಲು ಮುಟ್ಟುವ ಹಾಗಿಲ್ಲ, ಬೂದಿ ಚೆಲ್ಲಿದ ನೆಲದ ಮೇಲೆ ಮನೆಯವರು ಹೆಜ್ಜೆಯಿಟ್ಟು ಪಕ್ಕಕ್ಕೆ ಸರಿದರೆ, ಅವನು ಬಂದು ಆ ಗುರುತನ್ನು ಕಡ್ಡಿಯಿಂದ ಅಳೆದುಕೊಂಡು ಹೋಗುತ್ತಿದ್ದ. ಅಂಥ ಅಳತೆಯಲ್ಲೇ ಅವನು ಹೊಲಿದ ಮೆಟ್ಟು ಯಾರಿಗೂ ಕಚ್ಚಿದ್ದಿಲ್ಲ. ಜಗದಾಂಬಳ ಕಾಲನ್ನು ನಿಂತಲ್ಲಿಂದಲೇ ನೋಡಿ ಅವನು ಹೇಳಿದ: "ತಾಯೀ, ಪ್ಯಾಟೆ ಬೂಟಿಗೆ ನಿಮ್ಮ ಉಂಗ್ರದ ಸಂಗತಿ ಏನ್ ಗೊತ್ತು. ನಾನಾದ್ರೆ ಮೆತ್ತಗಿರೋ ಮೇಕೆ ಚರ್ಮದಾಗೆ, ಉಂಗ್ರಕ್ಕೆ ಒಸಿ ಜಾಗ ಬುಟ್ಟು ಹೊಲೀತೀನಿ. ನೋಡಾಕೂ ಚೆಂದಾಗಿರ್ತದೆ."

ಎಂಥ ಮಾತು! ಬೇಕಾಗಿದ್ದುದೇ ಅದು. ಆದರೆ ಹಿಂದಿನ ದಿನ ತಾನೇ ಅಮಲ್ದಾರರ ಹೆಂಡತಿ ಅವಳನ್ನು ಕರೆಸಿ, ಆ ಊರಿನಲ್ಲಿ ಮೊದಲು ಕಾಲು ನೋಡಿ ಆಮೇಲೆ ಮುಖ ನೋಡುತ್ತಾರೆ ಎಂದು ತಲೆಗೆ ತುಂಬಿ ಕಳಿಸಿದ್ದರು. ಕೋಟು ಟೈ ಕಟ್ಟಿದ ಮೇಷ್ಟ್ರ ಪಕ್ಕದಲ್ಲಿ ಮಧುಗಿರಿಯ ಮೆಟ್ಟು ಮೆಟ್ಟಿಕೊಂಡು ನಡೆದರೆ ಅವರ ಮಾನ ಏನಾಗಬೇಕು? ಬೆಂಗಳೂರಿನಲ್ಲೇ ತೆಗೆದುಕೊಳ್ಳುತ್ತೇವೆ ಬಿಡಪ್ಪ ಎಂದು ಜಗದಾಂಬ ನಯವಾಗಿ ಹೇಳಿದಳು. ಗಂಗಹನುಮಯ್ಯ ಕೈಮುಗಿದು ಹೊರಟು ಹೋದ.

ಬೆಂಗಳೂರಿನ ದಂಡಿನ ಕಡೆ ಒಂದು ಬೂಟಿನ ಅಂಗಡಿ. ನೆಲಕ್ಕೆಲ್ಲ ಜಮಖಾನ, ಕಾಲು ನೋಡಿಕೊಳ್ಳುವುದಕ್ಕೆ ನೆಲದ ಮೇಲೊಂದು ಕನ್ನಡಿ. ಅಂಗಡಿಯವನು ಉಂಗುರ ತೆಗೆದರೆ ಸರಿಯಾದ ಅಳತೆ ಸಿಗುತ್ತದೆ ಎಂದ. ಜಗದಾಂಬ ಕಾಲನ್ನು ಸೀರೆಯ ಒಳಕ್ಕೆ ಎಳೆದುಕೊಂಡಳು. ಹಾಗಾದರೆ ಒಂದು ಅಳತೆ ದೊಡ್ಡದು ತೆಗೆದುಕೊಳ್ಳಿ ಎಂದು ಅವನು ಎರಡು ಜೊತೆ ತಂದಿಟ್ಟ. ಒಂದು ಮೂತಿ ಅಗಲವಾದದ್ದು, ದಾರ ಕಟ್ಟುವುದು, ಪೋಲೀಸಿನವನ ಬೂಟಿಗೆ ತಂಗಿಯಾಗಬೇಕು. ಮೇಷ್ಟ್ರು ಅದನ್ನೇ ಎತ್ತಿಕೊಂಡು ಒಳಗೆ ಕೈ ಹಾಕಿ ನೋಡಿ, ಇದು ನಡೆಯುವುದಕ್ಕೆ ಹೇಳಿ ಮಾಡಿಸಿದ್ದು ಎಂದರು. ಇನ್ನೊಂದು ನೇರಳೆ ಹಣ್ಣಿನ ಬಣ್ಣದ್ದು, ಪಾದದ ಮೇಲೆ ಅಡ್ಡಪಟ್ಟಿ, ಅದಕ್ಕೊಂದು ಗುಂಡಿ, ಒಂದಿಷ್ಟೇ ಎತ್ತರದ ಹಿಮ್ಮಡಿ, ಮೂತಿ ಚೂಪು. ಕನ್ನಡಿಯಲ್ಲಿ ಆ ಕಾಲು ತನ್ನದೆಂದು ಜಗದಾಂಬಳಿಗೆ ನಂಬಿಕೆಯೇ ಬರಲಿಲ್ಲ. ಜಮಖಾನದ ಮೇಲೆ ನಾಲ್ಕು ಹೆಜ್ಜೆ ಇಟ್ಟಳು. ಜಮಖಾನದ ಮೇಲೆ ಯಾವ ಬೂಟು ತಾನೇ ಕಚ್ಚುತ್ತದೆ? ಆದರೂ ಉಂಗುರದ ಜಾಗದಲ್ಲಿ ಒಂದು ಒತ್ತು ತಗುಲಿತು. ನೋಯುತ್ತದೆಯೇ ಎಂದು ಮೇಷ್ಟ್ರು ಕೇಳಿದರು. ಇಲ್ಲ ಎಂದಳು. ಎಲ್ಲ ಅಲ್ಲಿಂದಲೇ ಕೆಟ್ಟಿತು.

ಹಡಗಿನ ಮೇಲೆ ಚಪ್ಪಲಿಯಲ್ಲೇ ದಿನ ಕಳೆಯಿತು. ಲಂಡನ್ನಿನಲ್ಲಿ ಎರಡನೆಯ ಮಹಡಿಯಲ್ಲೊಂದು ಬಾಡಿಗೆ ಕೋಣೆ. ಮೊದಲ ಸಂಜೆ ಮೇಷ್ಟ್ರು ತರಗತಿ ಮುಗಿಸಿ ಓಡೋಡಿ ಬಂದರು. ಇಬ್ಬರೂ ಬೀದಿಗಿಳಿದರು. ಅಭ್ಯಾಸ ಎಲ್ಲಿ ಬಿಡುತ್ತದೆ? ಅವಳ ಹೆಜ್ಜೆ ತಾನಾಗಿ ಹಿಂದಕ್ಕೆ ಬಿತ್ತು. ಮೇಷ್ಟ್ರು ನಿಧಾನ ಮಾಡಿದರು. ಅವರು ನಿಧಾನ ಮಾಡಿದ್ದು ಕಂಡು ಇವಳೂ ನಿಧಾನ ಮಾಡಿದಳು. ಕೊನೆಗೆ ಇಬ್ಬರೂ ಬೀದಿಯಲ್ಲಿ ನಿಂತೇ ಬಿಟ್ಟರು. ಮೇಷ್ಟ್ರು ನಕ್ಕು ಹಿಂದಕ್ಕೆ ಬಂದು ಅವಳ ಪಕ್ಕದಲ್ಲಿ ನಿಂತು, ಈಗ ನಡಿ ಎಂದರು. ಹಾಗೆ ಹತ್ತು ನಿಮಿಷ ನಡೆದಿರಬೇಕು. ಅವರ ತೋಳು ಅವಳ ತೋಳಿಗೆ ಆಗಾಗ ತಗುಲುತ್ತಿತ್ತು. ಮೇಷ್ಟ್ರು ಮಾತಾಡುವಾಗ ಹುಬ್ಬು ಎತ್ತುತ್ತಾರೆ ಎಂಬುದು ಜಗದಾಂಬಳಿಗೆ ತಿಳಿದದ್ದು ಆವತ್ತು. ಅವಳ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ಹತ್ತು ನಿಮಿಷ ಹಿಂದೆ ಬಂದಿರಲಿಲ್ಲ, ಮುಂದೆಯೂ ಬರಲಿಲ್ಲ.

ಸೇತುವೆಯ ನಡುವೆ ಬರುವಷ್ಟರಲ್ಲಿ ಚೂಪು ಮೂತಿ ಬೆರಳುಗಳನ್ನು ಅಮುಕಿ, ಬೆಳ್ಳಿ ಮಾಂಸಕ್ಕೆ ಇಳಿದಿತ್ತು. ದೊಡ್ಡ ಅಳತೆಯಾದ್ದರಿಂದ ಹಿಮ್ಮಡಿ ಬೇರೆ ಹೆಜ್ಜೆಹೆಜ್ಜೆಗೂ ಜಾರಿ ಕಾಲು ಮುಂದಕ್ಕೆ ನುಗ್ಗುತ್ತಿತ್ತು. ಮೇಷ್ಟ್ರು ನದಿ ತೋರಿಸಿ, ಇಪ್ಪತ್ತು ವರ್ಷ ನಕ್ಷೆಯಲ್ಲಿ ತೋರಿಸಿದ್ದು ಇದೇ ಎಂದು ಹುಡುಗನ ಹಾಗೆ ಹೇಳುತ್ತಿದ್ದರು. ಅವಳ ಕಿವಿಗೆ ಒಂದೂ ಬೀಳಲಿಲ್ಲ. "ಸಾಕು, ಹೋಗಾಣ" ಎಂದಳು. ಯಾಕೆ ಎಂದು ಕೇಳಿದರೆ, ಸಾಕು ಎಂದಷ್ಟೇ ಮತ್ತೆ ಹೇಳಿದಳು. ಮೇಷ್ಟ್ರು ಇನ್ನೂ ಕೆಳಗಿರುವಾಗಲೇ ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಕಾಲುಚೀಲ ಬಿಚ್ಚಿದರೆ ಬೆರಳ ಕಡೆಯೆಲ್ಲ ರಕ್ತ. ಒಗೆದು ಮಂಚದ ಕೆಳಗೆ ಒಣಹಾಕಿದಳು.

ಮರುದಿನ ಬೀದಿಯ ಮೂಲೆಯವರೆಗೆ ಹೋಗಿ ಹಿಂದಿರುಗಿದಳು. ಆಮೇಲೆ ತಲೆನೋವು ಎಂದಳು, ಚಳಿ ಎಂದಳು, ಜನ ನೋಡುತ್ತಾರೆ ಎಂದಳು. ಕಾಲು ನೋಯುತ್ತಿದೆ ಎಂಬುದೊಂದನ್ನು ಮಾತ್ರ ಹೇಳಲಿಲ್ಲ ಮಹಾರಾಯಿತಿ. ಹೇಳಿದರೆ ಉಂಗುರ ತೆಗೆ ಎಂದಾರು ಎಂಬ ಭಯ. ತೆಗೆದರೆ ಅವರಿಗೇ ಏನಾದರೂ ಆದೀತು ಎಂಬ ಭಯ. ಅವರು ಆರಿಸಿದ್ದನ್ನು ಬಿಟ್ಟು ತಾನು ಆರಿಸಿದೆನಲ್ಲ ಎಂಬ ನಾಚಿಕೆ ಬೇರೆ. ಬೇರೆ ಜೊತೆ ಕೊಡಿಸಿ ಎಂದಿದ್ದರೆ ಅವರು ಕೊಡಿಸುತ್ತಿದ್ದರು. ಚಪ್ಪಲಿಯಲ್ಲೇ ಹೊರಟಿದ್ದರೂ ಯಾರಪ್ಪನ ಗಂಟು ಹೋಗುತ್ತಿತ್ತು?

ಆರನೆಯ ಸಂಜೆ ಮೇಷ್ಟ್ರು ಟೋಪಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಕೇಳಿದರು: "ನನ್ನ ಪಕ್ಕದಲ್ಲಿ ನಡೆಯೋದು ನಿಂಗೆ ಮುಜುಗರವಾ?"

ಅವಳು ತಲೆ ತಗ್ಗಿಸಿದಳು. ಮೇಷ್ಟ್ರು ಟೋಪಿ ತಲೆಗಿಟ್ಟುಕೊಂಡರು. "ಆಗಲಿ ಬಿಡು. ನಿಂಗೆ ಬೇಡದ್ದು ಬೇಡ" ಎಂದು ಹೇಳಿ ಒಬ್ಬರೇ ಮೆಟ್ಟಿಲಿಳಿದು ಹೋದರು.

ಅಲ್ಲಿಂದಾಚೆಗೆ ದಿನವೂ ಅವರೊಬ್ಬರೇ. ಸೀಸದಕಡ್ಡಿಯ ಗೆರೆಗಳನ್ನೆಲ್ಲ ಒಂದೊಂದಾಗಿ ನಡೆದು ಮುಗಿಸಿದರು. ಬಂದು ನೋಡಿದ್ದನ್ನು ಹೇಳುತ್ತಿದ್ದರು, ಬರುಬರುತ್ತ ಅದೂ ಕಡಿಮೆಯಾಯಿತು. ಜಗದಾಂಬ ಕಿಟಕಿಯಲ್ಲಿ ನಿಂತು, ಬೀದಿಯ ಮೂಲೆ ತಿರುಗುವ ತನಕ ಅವರನ್ನು ನೋಡುತ್ತಿದ್ದಳು. ಸಮುದ್ರ ದಾಟಿ ಬಂದರೂ ಅವಳ ಪಾಲಿಗೆ ಸಿಕ್ಕಿದ್ದು ಅವರ ಬೆನ್ನೇ.

ಊರಿಗೆ ಬಂದ ಮೇಲೆ ಬೂಟು ಟ್ರಂಕಿನ ತಳ ಸೇರಿತು. ಹೇಳಿಬಿಡಬೇಕೆಂದು ಅವಳಿಗೆ ಎಷ್ಟೋ ಸಲ ಬಾಯಿಯ ತುದಿಗೆ ಬಂತು. ಒಮ್ಮೆ ಕೊರಟಗೆರೆಯ ತವರಿಗೆ ಹೊರಟಾಗ ಬಸ್ಸು ಕೆಟ್ಟು, ಎರಡು ಮೈಲಿ ನಡೆಯಬೇಕಾಯಿತು. ಹಿಂದೆ ಮುಂದೆ ನರಪಿಳ್ಳೆ ಇಲ್ಲ. ಚಪ್ಪಲಿಯ ಕಾಲಿಗೆ ನೋವೂ ಇಲ್ಲ. ಇದೇ ಸಮಯ ಎಂದು ಜಗದಾಂಬ ಅವರ ಪಕ್ಕಕ್ಕೆ ಬರಲು ಬಿರಬಿರನೆ ಹೆಜ್ಜೆ ಹಾಕಿದಳು. ಬೇಗ ಮುಟ್ಟಬೇಕೆಂಬ ಅವಸರ ಇವಳಿಗೆ ಎಂದು ತಿಳಿದು ಮೇಷ್ಟ್ರೂ ಬಿರಬಿರನೆ ನಡೆದರು. ಹಾಗೆಯೇ ಕೊರಟಗೆರೆ ಬಂತು.

ನಲವತ್ತಮೂರರಲ್ಲಿ ಮೇಷ್ಟ್ರಿಗೆ ವಿಷಮಜ್ವರ ಬಂತು. ಎಂಟನೆಯ ದಿನ ಮಧ್ಯಾಹ್ನ ಕಣ್ಣು ತಿಳಿಯಾದಾಗ ಅವಳನ್ನು ಹತ್ತಿರ ಕರೆದರು. "ನಿನ್ನ ಬಲವಂತ ಮಾಡಿ ಲಂಡನ್ನಿಗೆ ಕರ್ಕೊಂಡು ಹೋದೆ. ಆ ರೂಮಿನಾಗೆ ಒಬ್ಬಳೇ ಕೂತು ಕೊರಗಿದೆ ನೀನು. ತಪ್ಪು ನಂದು, ಮನಸ್ಸಿನಾಗೆ ಇಟ್ಕೋಬ್ಯಾಡ" ಎಂದರು.

ಇಲ್ಲ, ಇಲ್ಲ ಎಂದು ಅವಳು ತಲೆಯಾಡಿಸಿದಳು. ಹೇಳಿಬಿಡಲು ಅವರ ಕಡೆ ಬಾಗಿದಳು. ಅಷ್ಟರಲ್ಲಿ ಡಾಕ್ಟರು ಒಳಗೆ ಬಂದರು, ಅವರ ಹಿಂದೆ ಸ್ಕೂಲಿನ ನಾಲ್ಕು ಜನ. ಜ್ವರ ಇಳಿಯಲಿ, ನಿಧಾನವಾಗಿ ಕೂತು ಎಲ್ಲ ಹೇಳುತ್ತೇನೆ ಎಂದುಕೊಂಡು ಜಗದಾಂಬ ಪಕ್ಕಕ್ಕೆ ಸರಿದಳು. ಮೇಷ್ಟ್ರಿಗೆ ಮತ್ತೆ ಮಾತು ತಿಳಿಯುವಷ್ಟು ಎಚ್ಚರವಾಗಲಿಲ್ಲ. ಹತ್ತನೆಯ ದಿನ ಹೋದರು.

ಉಂಗುರ ಕೈಯಿಂದ ಬರಲಿಲ್ಲ. ಇಪ್ಪತ್ತೈದು ವರ್ಷ ಕೂತ ಬೆಳ್ಳಿ, ಎಣ್ಣೆಗೂ ಜಗ್ಗಲಿಲ್ಲ, ಸೋಪಿಗೂ ಜಗ್ಗಲಿಲ್ಲ. ಅಕ್ಕಸಾಲಿಯನ್ನು ಕರೆಸಿ ಕತ್ತರಿಸಬೇಕಾಯಿತು. ಜಗದಾಂಬ ಕಾಲು ಚಾಚಿಕೊಂಡು, ಬೇರೆ ಯಾರದೋ ಕಾಲು ಎಂಬಂತೆ ನೋಡುತ್ತ ಕೂತಿದ್ದಳು. ಕಣ್ಣಲ್ಲಿ ಒಂದು ಹನಿ ನೀರಿಲ್ಲ ಎಂದು ನೆಂಟರು ಆಡಿಕೊಂಡರು.

ಎರಡು ತಿಂಗಳಾದ ಮೇಲೆ ಮೇಷ್ಟ್ರ ಕೋಟುಗಳನ್ನು ಬಿಸಿಲಿಗೆ ಹಾಕಲು ಟ್ರಂಕು ತೆರೆದಾಗ ಬೂಟು ಕೈಗೆ ಸಿಕ್ಕಿತು. ಬಣ್ಣ ಕೂಡ ಮಾಸಿರಲಿಲ್ಲ. ಏನೆನ್ನಿಸಿತೋ, ನಡುಮನೆಯಲ್ಲಿ ಕೂತು ಹಾಕಿಕೊಂಡಳು, ಗುಂಡಿ ಹಾಕಿದಳು, ಎದ್ದು ನಿಂತಳು. ಬೆರಳಿಗೆ ಎಲ್ಲೂ ತಗುಲಲಿಲ್ಲ. ಈ ಗೋಡೆಯಿಂದ ಆ ಗೋಡೆಗೆ ನಡೆದಳು, ಆ ಗೋಡೆಯಿಂದ ಈ ಗೋಡೆಗೆ. ಹಿಮ್ಮಡಿ ಒಂಚೂರು ಸಡಿಲ, ಅಷ್ಟು ಬಿಟ್ಟರೆ ಹೂವಿನ ಹಾಗಿತ್ತು. ಅದು ಗೊತ್ತಾದೊಡನೆ ಅವಳು ನಿಂತಲ್ಲೇ ಬಿಕ್ಕಿಬಿಕ್ಕಿ ಅತ್ತಳು.

ಕಣ್ಣು ಮಂಜಾಗಿ ಮಂಚ ಹಿಡಿದಿದ್ದ ಬಸವಮ್ಮ, ಹೆಜ್ಜೆಯ ಸದ್ದಿಗೆ ತಲೆಯೆತ್ತಿ ಯಾರದು ಎಂದು ಕೇಳಿದಳು. ಜಗದಾಂಬ ಬೂಟುಗಾಲಿನಲ್ಲೇ ಹೋಗಿ ಅತ್ತೆಯ ಕಾಲ ಬಳಿ ಕೂತಳು.

"ಅತ್ತೆ, ನಂಗೆ ಕಾಲು ನೋಯ್ತಿತ್ತು, ಅಷ್ಟೇಯ. ಅವರ ಪಕ್ಕ ನಡೆಯೋಕೆ ನಂಗೆ ಬಲು ಆಸೆ ಇತ್ತು."

ಬಸವಮ್ಮನಿಗೆ ಯಾವ ಊರು, ಯಾವ ಕಾಲದ ಮಾತು ಎಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಕೈಯಾಡಿಸಿ ಸೊಸೆಯ ತಲೆ ಹುಡುಕಿ, ಅದರ ಮೇಲೆ ಕೈ ಇಟ್ಟಳು.

"ಇದನ್ನ ಅವ್ನಿಗೆ ಹೇಳ್ಬೇಕಿತ್ತು ಕಣಮ್ಮ" ಎಂದಳು.