ಕದ್ದು ಕೇಳುತ್ತಿದ್ದ ಹವಾಲ್ದಾರರು

ಹೈದರಾಬಾದಿನಲ್ಲಿ ಗುಪ್ತಚರ ಇಲಾಖೆಯ ಫೋನ್ ಕದ್ದಾಲಿಕೆಯ ಬಗ್ಗೆ ಸರ್ಕಾರ ವಿಚಾರಣೆ ನಡೆಸಿದಾಗ ನಾನು ಕನ್ನಡದ ದುಭಾಷಿಯಾಗಿದ್ದೆ. ನಮ್ಮ ಮನೆಯಲ್ಲಿ ಡಿಗ್ರಿ ಕಂಡವನು ನಾನೊಬ್ಬನೇ. ಆ ಕುರ್ಚಿ ನನಗೆ ಸಣ್ಣದಲ್ಲ.

ಇಲಾಖೆಯಲ್ಲಿ ಹೆಡ್‌ಫೋನ್ ಹಾಕಿ ಕೂರುವ ಕೆಲಸದಲ್ಲಿದ್ದ ಬೀದರ್ ಕಡೆಯ ಹವಾಲ್ದಾರರೊಬ್ಬರು ವಿಚಾರಣೆಗೆ ಬಂದಾಗಲೂ ಬಲಗಿವಿ ಮುಂದೆ ಮಾಡಿ ಕೂರುತ್ತಿದ್ದರು. ಏನು ಕೇಳಿದರೂ ಒಂದೇ ಮಾತು: "ನಂಗೇನೂ ಗೊತ್ತಿಲ್ರಿ ಸಾಹೇಬ್ರ."

ಕೊಂಡಾಪುರದಲ್ಲಿ ಐಟಿ ಕಟ್ಟಡ ಕಟ್ಟುತ್ತಿದ್ದ ಕನ್ನಡದ ಕೂಲಿಗಳ ಮುಖಂಡೆಯ ಫೋನನ್ನು ಕೇಳಿಯೇ ಇಲ್ಲವೆಂದು ಇಲಾಖೆ ಹೇಳಿತ್ತು. ಆಕೆಯ ಬಳಿ ಪುರಾವೆ ಇರಲಿಲ್ಲ.

ಆಕೆ ಸಾಕ್ಷಿ ಹೇಳಲು ಎದ್ದು ಮಾತು ಶುರುಮಾಡಿದ್ದೇ ತಡ, ಹವಾಲ್ದಾರರು ಕೈಮುಗಿದರು. "ಅಕ್ಕಾರ, ಅವ್ವಾರ ಮೊಣಕಾಲು ಈಗ ಆರಾಮ್ ಐತೇನ್ರಿ?"

"ನಿಮಗ್ಯಾರ್ ಹೇಳಿದ್ರು? ತಂಗೀಗಷ್ಟ ಫೋನಿನ್ಯಾಗ ಹೇಳಿದ್ದೆ!"

ಇಲಾಖೆಯ ವಕೀಲರು ಕುಶಲದ ಮಾತಿಗೆ ಅನುವಾದ ಬೇಡ ಎಂದರು. ನಾನು ಹವಾಲ್ದಾರರತ್ತ ನೋಡಿದೆ.

"ಹೇಳಿಬಿಡ್ರಿ ಸರ," ಎಂದರು. "ದಿನಾ ಕೇಳೀನಿ."

ನ್ಯಾಯಮೂರ್ತಿಗಳಿಗೆ ಎಲ್ಲವನ್ನೂ ಹೇಳಿದೆ.