ಹತ್ತು ನಿಮಿಷದ ನಮಸ್ಕಾರ

ನನಗೆ ಸ್ನೇಹ ಮಾಡಿಕೊಳ್ಳಲು ಬರುವುದಿಲ್ಲವೆಂಬ ಸಂಗತಿ ನನಗೆ ತಿಳಿದದ್ದು ತಲೆಗೂದಲು ನರೆತ ಮೇಲೆ, ಅದೂ ಟಾಂಜಾನಿಯಾಕ್ಕೆ ಹೋದ ಮೇಲೆ. ಅಲ್ಲಿಯವರೆಗೂ ನಾನು ಭಾರಿ ಜನಬಳಕೆಯ ಮನುಷ್ಯನೆಂದೇ ನಂಬಿದ್ದೆ. ನಿಜ ಹೇಳಬೇಕೆಂದರೆ ನಮ್ಮ ಅರಕೆರೆಯಲ್ಲಿ ಯಾರೂ ಸ್ನೇಹ ಮಾಡಿಕೊಳ್ಳುವುದಿಲ್ಲ. ನಾಲೆಗೆ ನೀರು ಬಿಟ್ಟರೆ ಗದ್ದೆಗೆ ಬರುವ ಹಾಗೆ ಅದು ತಾನಾಗಿ ಬರುತ್ತದೆ. ಬಿಂಡಿಗನವಿಲೆಯ ಚಲುವ ನನ್ನ ಜೀವದ ಗೆಳೆಯನಾದದ್ದು ಮಂಡ್ಯದ ಹಾಸ್ಟೆಲಿನಲ್ಲಿ, "ಲೇ, ಅತ್ಲಾಗ್ ಜರುಗ್ಲಾ" ಎಂಬ ಒಂದೇ ಮಾತಿನಿಂದ. ನಾನು ಜರುಗಿದೆ, ಅವನು ಕೂತ. ಅಷ್ಟೇ, ಕೆಲಸ ಮುಗಿಯಿತು. ಅವನು ಓದು ಬಿಟ್ಟು ಊರಿಗೆ ಹೋಗಿ ಹೊಲ, ಕುರಿ ನೋಡಿಕೊಂಡ. ಆದರೂ ನಾವಿಬ್ಬರು ಇಂದಿನವರೆಗೆ ಒಬ್ಬರನ್ನೊಬ್ಬರು ತಪ್ಪದೆ ಬೈದುಕೊಂಡು ಬಂದಿದ್ದೇವೆ.

ಸಕ್ಕರೆ ಸೀಮೆಯಲ್ಲಿ ಹುಟ್ಟಿದ ತಪ್ಪಿಗೆ ನಾನು ಸಕ್ಕರೆ ಕಾರ್ಖಾನೆಯ ಕೆಮಿಸ್ಟ್ ಆದೆ. ಕಬ್ಬು ಬೆಳೆಯುವ ದೇಶಗಳಿಗೆ ನಮ್ಮ ಕಡೆಯವರು ಕೆಲಸಕ್ಕೆ ಹೋಗುವುದುಂಟು, ನಾನೂ ಹೋದೆ. ಕಬ್ಬು ಅದೇ, ಕಾಕಂಬಿಯ ವಾಸನೆಯೂ ಅದೇ. ಮನಸ್ಸು ಬಿಚ್ಚಿ ಮಾತಾಡಲು ಮಾತ್ರ ಒಂದು ನರಪಿಳ್ಳೆಯೂ ಇರಲಿಲ್ಲ. ಸಂಜೆ ಕ್ವಾರ್ಟರ್ಸಿಗೆ ಬಂದರೆ ಗೋಡೆಯ ಹಲ್ಲಿಯ ಜೊತೆ ಮಾತಾಡಬೇಕು. ಪಾಪ, ಅದು ತಾನೇ ಎಷ್ಟೂಂತ ಲೊಚಗುಟ್ಟೀತು?

ಪಕ್ಕದ ಮನೆಯಲ್ಲಿ ಜುಮಾ ಇದ್ದ. ಅಲ್ಲಿಯವನೇ, ನನ್ನದೇ ಪಾಳಿಯ ಇಂಜಿನಿಯರು, ಹೆಚ್ಚುಕಡಿಮೆ ನನ್ನದೇ ವಯಸ್ಸು. ಇವನಾದರೂ ಗೆಳೆಯನಾಗದಿದ್ದರೆ ನನಗೆ ಹುಚ್ಚು ಹಿಡಿಯುವುದು ಖಂಡಿತ ಎನ್ನಿಸಿತ್ತು. ಆದರೆ ಆ ಮಹಾರಾಯನ ನಮಸ್ಕಾರವೋ! ಬೆಳಿಗ್ಗೆ ಎದುರಾದರೆ ಹಿಡಿದ ಕೈ ಬಿಡುವವನೇ ಅಲ್ಲ. ರಾತ್ರಿ ಹೇಗೆ ಕಳೆಯಿತು? ಮನೆಯವರು ಹೇಗಿದ್ದಾರೆ? ಮಕ್ಕಳು? ಕೆಲಸ? ನಿಮ್ಮೂರಲ್ಲಿ ಮಳೆ? ನಾನು ನೂರು ಕೆಲಸ ತಲೆಯಲ್ಲಿಟ್ಟುಕೊಂಡು ಒಂಟಿ ಕಾಲಲ್ಲಿ ನಿಂತಿರುತ್ತಿದ್ದೆ. ಎಲ್ಲಕ್ಕೂ ಸೇರಿಸಿ ಒಂದು 'ಫೈನ್' ಒಗೆದು ಬಾಯ್ಲರಿನ ಸಮಾಚಾರಕ್ಕೆ ಇಳಿಯುತ್ತಿದ್ದೆ. ತಿರುಗಿ ಏನೂ ಕೇಳುತ್ತಿರಲಿಲ್ಲ. ಗುಂಡುಕಲ್ಲಿನ ಹಾಗೆ ಕಣ್ಣೆದುರಿಗೆ ನಿಂತಿರುವವನನ್ನು ಚೆನ್ನಾಗಿದ್ದೀಯಾ ಎಂದು ಏನು ಕೇಳುವುದು?

ಹಾಗೆಂದು ಕುಶಲಪ್ರಶ್ನೆ ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಪುರಾಣದ ರಾಜರು ಆಶ್ರಮಕ್ಕೆ ಹೋದರೆ ಋಷಿಗಳ ತಪಸ್ಸು, ಶಿಷ್ಯರು, ಕಡೆಗೆ ಜಿಂಕೆಮರಿಗಳ ಕ್ಷೇಮವನ್ನೂ ವಿಚಾರಿಸಿದ ಮೇಲೆಯೇ ಬಂದ ಕೆಲಸ ಹೇಳುತ್ತಿದ್ದರು. ನಮ್ಮಜ್ಜ ಬರೆಯುತ್ತಿದ್ದ ಕಾರ್ಡಿನಲ್ಲಿ 'ಉಭಯ ಕುಶಲೋಪರಿ' ಮುಗಿಯುವಷ್ಟರಲ್ಲಿ ಅರ್ಧ ಕಾರ್ಡು ತುಂಬಿರುತ್ತಿತ್ತು. ಆ ರಾಜರಿಗೆ ಪಾಳಿಯ ಕೆಲಸ ಇರಲಿಲ್ಲವಲ್ಲ ಎಂದುಕೊಂಡು ನಾನು ಸುಮ್ಮನಾಗಿದ್ದೆ.

ಒಮ್ಮೆ ಜುಮಾ ಒಂದು ವಾರ ಕಾಣಲಿಲ್ಲ. ತಿರುಗಿ ಬಂದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಪಾಂಡವಪುರದಿಂದ ಕೆ.ಆರ್. ಪೇಟೆಯವರೆಗೆ ಎಲ್ಲಿ ಹೋದರೂ ಇಂಥ ಸಂತೋಷಕ್ಕೆ ಇರುವುದು ಒಂದೇ ಮಾತು: "ಎಲ್ಲಿ ಸತ್ತೋಗಿದ್ಯಲಾ ಇಷ್ಟ್ ದಿನ?" ಅದನ್ನೇ ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿ, ಬೆನ್ನಿಗೊಂದು ಗುದ್ದನ್ನೂ ಸೇರಿಸಿದೆ. ಜುಮಾನ ಮುಖ ಕಪ್ಪಿಟ್ಟಿತು. ಅಂದು ಕೈ ಕೂಡ ಕೊಡದೆ ಹೋದವನು ಮಾರನೆಯ ದಿನ ಬೇರೆ ಪಾಳಿಗೆ ಹಾಕಿಸಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಪ್ರೀತಿಯಿಂದ ಬೈದರೂ ತಿಳಿಯದ ಇದೆಂಥ ದೇಶವಪ್ಪಾ!

ಕ್ಯಾಂಟೀನಿನಲ್ಲಿ ಅಡುಗೆ ಮಾಡುವ ಹಿರಿಯ ಹೆಂಗಸೊಬ್ಬಳು ನನ್ನ ದೂರನ್ನೆಲ್ಲ ಕೇಳಿ, "ಮೊದಲು ನಮಸ್ಕಾರ ಮಾಡುವುದು ಕಲಿ" ಎಂದು ಸೌಟು ತೋರಿಸಿದಳು. ಹಲ್ಲು ಕಚ್ಚಿಕೊಂಡು ಸಂಜೆ ಜುಮಾನ ಬಾಗಿಲಿಗೆ ಹೋಗಿ, ಅವನ ಕೈ ಹಿಡಿದು ನಾನೇ ಕೇಳತೊಡಗಿದೆ. ಮನೆಯಲ್ಲಿ ಹೇಗಿದ್ದಾರೆ? ಚೆನ್ನಾಗಿದ್ದಾರೆ. ಹೆಂಡತಿ? ಚೆನ್ನಾಗಿದ್ದಾಳೆ. ಮಕ್ಕಳು? ಚೆನ್ನಾಗಿದ್ದಾರೆ. ನನ್ನ ಕೈ ಬೆವರಿತು, ಅವನು ಬಿಡಲಿಲ್ಲ. ಎಲ್ಲವೂ ಚೆನ್ನಾಗಿದೆಯೆಂದು ಮುಗಿದ ಮೇಲೆ ಮೆಲ್ಲಗೆ, ಕಿರಿಯ ಮಗಳಿಗೆ ಮಲೇರಿಯಾ ಬಂದು ಆ ವಾರವೆಲ್ಲ ಆಸ್ಪತ್ರೆಯಲ್ಲಿದ್ದೆವು, ಬದುಕಿದಳು ಎಂದ. ಅಂಥ ಹೊತ್ತಿನಲ್ಲಿ ನಾನು ಸಾವಿನ ಮಾತಾಡಿದ್ದೆ. ಅಲ್ಲ, ಇದನ್ನು ಮೊದಲೇ ಹೇಳಬಾರದಿತ್ತೇ? ಅಲ್ಲಿ ಹಾಗೆ ಹೇಳುವುದಿಲ್ಲವಂತೆ. ಕಷ್ಟದ ಮಾತೇನಿದ್ದರೂ ಕುಶಲದ ಬೆನ್ನ ಹಿಂದೆ ಬರಬೇಕು. ನಾನು ಕ್ಷಮೆ ಕೇಳಿದೆ, ಅವನು ಚಹಾ ಕೊಟ್ಟ. ಅಂದಿನಿಂದ ಗೆಳೆಯನಾಗಿ, ದಿನಕ್ಕೆ ಹತ್ತು ನಿಮಿಷ ಕೈ ಹಿಡಿದುಕೊಂಡು ನನ್ನ ಪ್ರಾಣ ತಿಂದ.

ಮೊನ್ನೆ ರಜೆಗೆ ಊರಿಗೆ ಬಂದೆ. ಶ್ರೀರಂಗಪಟ್ಟಣದ ಬಸ್ ನಿಲ್ದಾಣದಲ್ಲಿ ಚಲುವ ತನ್ನೂರಿಗೆ ಹೋಗಲು ನಾಗಮಂಗಲದ ಬಸ್ಸಿಗೆ ಕಾಯುತ್ತಿದ್ದ. ಗಂಜಾಂನ ನಿಮಿಷಾಂಬ ಗುಡಿಗೆ ಹೋಗಿದ್ದನೆಂದು ಕಾಣುತ್ತದೆ, ಹಣೆಯಲ್ಲಿ ಕುಂಕುಮವಿತ್ತು. ಕಂಡ ಕೂಡಲೇ ನಾಲ್ಕು ಬೈಗುಳ ಬೈಯಬೇಕಾಗಿತ್ತು. ಹಾಳು ಅಭ್ಯಾಸ, ಅವನ ಎರಡೂ ಕೈ ಹಿಡಿದುಕೊಂಡು, "ಚೆಂದಾಗಿದ್ದೀಯಾ ಚಲುವ? ಮನೇಲೆಲ್ಲ ಚೆಂದಾಗವ್ರಾ?" ಎಂದುಬಿಟ್ಟೆ.

ಚಲುವ ಕೈ ಕಿತ್ತುಕೊಂಡ. "ಯಾಕ್ಲಾ, ಎಣ್ಣು ನೋಡಾಕ್ ಬಂದ ಬೀಗ್ರಂಗೆ ಮಾತಾಡ್ತಿದ್ದೀಯಾ? ನಾನೇನ್ ನಿಂಗೆ ಒರಗ್ನವ್ನಾ?"

ಅವನಿಗೆ ನಿಜವಾಗಿಯೂ ನೋವಾಗಿತ್ತು. ಅತ್ತ ದರಿ, ಇತ್ತ ಪುಲಿ. ಅಲ್ಲಿ ಬೈದು ಒಬ್ಬನನ್ನು ಕಳೆದುಕೊಳ್ಳುವುದರಲ್ಲಿದ್ದೆ. ಇಲ್ಲಿ ಮರ್ಯಾದೆ ಕೊಟ್ಟು ಇನ್ನೊಬ್ಬನನ್ನು. ಹಾಗಾದರೆ ಮನುಷ್ಯ ಯಾವ ದೇಶದಲ್ಲಿ ಬಾಯಿ ಬಿಡಬೇಕು, ನೀವೇ ಹೇಳಿ. ನನಗೆ ರೇಗಿಹೋಯಿತು.

"ಲೇ, ಕೇಳಿದ್ದಕ್ಕೆ ಯೋಳ್ಲಾ ಮೊದ್ಲು! ನಿನ್ನೆಂಡ್ತಿ ಎಂಗವ್ಳೆ?" ಎಂದು ಇಡೀ ನಿಲ್ದಾಣ ತಿರುಗಿ ನೋಡುವ ಹಾಗೆ ಕೂಗಿದೆ.

ಚಲುವ ಬಸ್ಸು ಬರುವ ದಾರಿಯನ್ನು ನೋಡಿದ. "ಚೆಂದಾಗವ್ಳೆ ಬುಡ್ಲಾ" ಎಂದ. ಆಮೇಲೆ, "ಗಂಟ್ಲಲ್ಲಿ ಗಂಟಾಗಿತ್ತು ಕಣ್ಲಾ. ಮೈಸೂರಲ್ಲಿ ಆಪ್ರೇಸನ್ ಆಗಿ ಆರ್ ತಿಂಗ್ಳಾಯ್ತು. ಜೀವಕ್ಕೇನೂ ಇಲ್ಲ ಅಂದವ್ರೆ. ದನಿ ಇನ್ನೂ ಬಂದಿಲ್ಲ" ಎಂದ.

ನಾನು ವಾರಕ್ಕೊಮ್ಮೆ ಅಲ್ಲಿಂದ ಫೋನು ಮಾಡಿ ಇವನನ್ನು ಬೈಯುತ್ತಿದ್ದೆ, ಇವನು ನನ್ನನ್ನು ಬೈಯುತ್ತಿದ್ದ. "ಅಣ್ಣಾ, ಯಾವಾಗ್ ಬತ್ತೀರಾ?" ಎಂದು ಹಿಂದಿನಿಂದ ಅವನ ಹೆಂಡತಿ ಜಯ ಕೂಗುತ್ತಿದ್ದದ್ದು ನಿಂತೇ ಹೋಗಿತ್ತೆಂಬುದು ನನ್ನ ಗಮನಕ್ಕೇ ಬಂದಿರಲಿಲ್ಲ.

"ಯಾಕ್ಲಾ, ನಂಗೊಂದ್ ಮಾತ್ ಯೋಳ್ನಿಲ್ಲ?"

"ನೀನ್ ಯಾವತ್ಲಾ ಕೇಳಿದ್ದೆ?"

ನಾಗಮಂಗಲದ ಬಸ್ಸು ಬಂತು. ಅವನ ಹಿಂದೆಯೇ ನಾನೂ ಹತ್ತಿದೆ. "ಲೇ, ಇದು ಅರಕೆರೆ ಬಸ್ಸಲ್ಲ ಕಣ್ಲಾ" ಎಂದ. ಗೊತ್ತು ಎಂದು ಅವನ ಪಕ್ಕದಲ್ಲಿ ಕೂತೆ. ಮಕ್ಕಳು, ಕುರಿ, ಮಳೆ, ಕೇಳುವುದು ಇನ್ನೂ ಬಹಳ ಇತ್ತು.